ಪೆಡಲಿನ ಸದ್ದು

ಏವಿ ತಾಮ್ಮೆ ಪಿಯಾನೊ ನುಡಿಸುವಾಗ ಜನ ನೋಡುವುದು ಅವಳ ಕೈಗಳನ್ನು. ವಿಯೆನ್ನಾದಲ್ಲಿ, ಲಂಡನ್ನಿನಲ್ಲಿ, ಟೋಕಿಯೋದಲ್ಲಿ ಆ ಕೈ ಕಾಣಿಸುವ ಎಡಬದಿಯ ಸೀಟುಗಳೇ ಮೊದಲು ಮಾರಿಹೋಗುತ್ತವೆ. ಆದರೆ ಇವತ್ತು ಕಡಲತೀರದ ಹಳ್ಳಿ ಕ್ಯಾಸ್ಮುವಿನ ಅವಳ ಮನೆಯಲ್ಲಿ, ಅವಳ ಪಿಯಾನೊದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ ಇನ್‌ಸ್ಪೆಕ್ಟರ್ ವೀಯು ಕೂಸಿಕ್ ಆ ಕೈಗಳತ್ತ ಒಮ್ಮೆಯೂ ತಿರುಗಲಿಲ್ಲ. ಅವಳ ಕಣ್ಣು ಪೆಡಲಿನ ಮೇಲಿದ್ದ ಬಲಗಾಲಿನ ಮೇಲೇ ಇತ್ತು.

ಬೂದುಬಣ್ಣದ ಉಣ್ಣೆಯ ಕಾಲುಚೀಲ. ಹೆಬ್ಬೆರಳಿನ ಹತ್ತಿರ ಹರಿದದ್ದಕ್ಕೆ ಕೆಂಪು ದಾರದಲ್ಲಿ ತೇಪೆ. ಪಾದ ಮೆಲ್ಲಗೆ ಇಳಿಯಿತು, ಮೆಲ್ಲಗೆ ಏರಿತು. ಮತ್ತೆ ಇಳಿಯಿತು. ಎಷ್ಟು ಕಿವಿಗೊಟ್ಟರೂ ಪೆಡಲಿನಿಂದ ಒಂದಿಷ್ಟು ಸದ್ದೂ ಬರಲಿಲ್ಲ.

ಸೊನಾಟಾದ ನಿಧಾನದ ಭಾಗ ಮುಗಿಯಿತು. ಏವಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಿರುಗಿದಳು.

"ಹೇಗಿತ್ತು? ಟೋಕಿಯೋದವರು ಒಪ್ಕೋತಾರಾ?"

"ಅವರು ಒಪ್ಪದೇ ಇನ್ಯಾರು ಒಪ್ತಾರೆ," ಎಂದಳು ವೀಯು. ಆಮೇಲೆ, ಏನೋ ನೆನಪಾದವಳ ಹಾಗೆ ಕೇಳಿದಳು, "ಆವತ್ತು ಸಂಜೇನೂ ಹೀಗೇ ನುಡಿಸಿದ್ದಾ? ಕಾಲುಚೀಲದಲ್ಲೇ?"

"ಇನ್ಹೇಗೆ ನುಡಿಸ್ತಾರೆ? ಮನೆಯೊಳಗೆ ಶೂ ಹಾಕ್ಕೊಂಡು ಓಡಾಡೋಕೆ ನಾನೇನು ಅಮೆರಿಕದ ಸಿನಿಮಾದವಳಾ?" ಏವಿ ನಕ್ಕಳು. "ಅಮ್ಮ ಉಜ್ಜಿ ಉಜ್ಜಿ ಬೆಳಗಿಸಿದ ನೆಲ ಕಣೇ ಇದು. ವಿಯೆನ್ನಾದಿಂದ ನನ್ನ ಮ್ಯಾನೇಜರ್ ಬಂದಾಗ ಬಾಗಿಲಲ್ಲೇ ನಿಲ್ಸಿ ಬಿಚ್ಚಿಸಿದೀನಿ. ಪಾಪ, ಅವನ ಕಾಲುಚೀಲದಲ್ಲಿ ತೂತಿತ್ತು."

ವೀಯು ನಗಬೇಕಿತ್ತು, ನಗು ಬರಲಿಲ್ಲ. ಬಾಗಿಲ ಬಳಿ ಅವಳ ಬೂಟುಗಳೂ ಶಿಸ್ತಾಗಿ ಗೋಡೆಗೊರಗಿ ನಿಂತಿದ್ದವು. ಅವಳ ಕಾಲಲ್ಲಿದ್ದದ್ದು ಏವಿಯೇ ಕೊಟ್ಟ ಹಳೆಯ ಚಪ್ಪಲಿ. ಆತಿಥ್ಯ ಕೊಟ್ಟವಳಿಗೇ ಬಲೆ ಬೀಸಿದ್ದೇನೆ, ಅವಳು ನಗುನಗುತ್ತ ಬಂದು ಬಿದ್ದಳು ಎನಿಸಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಪೊಲೀಸರಿಗೆ ಗೆಳೆತನ ಇರಬಾರದು ಎನ್ನುವವರು ದೊಡ್ಡ ದೇಶದವರು. ಎಸ್ಟೋನಿಯಾದಲ್ಲಿ ಅದೆಲ್ಲ ನಡೆಯುವ ಮಾತಲ್ಲ. ಇಲ್ಲಿ ಯಾರನ್ನು ಹಿಡಿದರೂ ಅವರು ನಮ್ಮ ಜೊತೆ ಶಾಲೆಗೆ ಬಂದವರೋ, ಭಾವಮೈದುನನ ಗೆಳೆಯರೋ, ಅದೂ ಇಲ್ಲವಾದರೆ ಒಂದೇ ಗಾಯನ ಮೇಳದಲ್ಲಿ ಹಾಡುವವರೋ ಆಗಿರುತ್ತಾರೆ. ವೀಯು ಮತ್ತು ಏವಿ ಏಳು ವರ್ಷದವರಿದ್ದಾಗಿನಿಂದ ಒಂದೇ ಪಿಯಾನೊ ಮುಂದೆ, ಒಂದೇ ಟೀಚರಿನ ಕೈಯಲ್ಲಿ ಬೈಸಿಕೊಂಡು ಬೆಳೆದವರು. ಏವಿ ಬೆಳೆದು ಜಗತ್ತು ಸುತ್ತಿದಳು. ವೀಯು ಪೊಲೀಸಾದಳು.

ಆ ಟೀಚರು, ಲೇಯ್ದಾ ಓರವ್, ಹೋದ ವಾರ ರಾಜಧಾನಿ ತಾಲಿನ್ನಿನ ನ್ಯೊಮ್ಮೆ ಬಡಾವಣೆಯ ತಮ್ಮ ಮರದ ಮನೆಯ ನೆಲಮಾಳಿಗೆಯಲ್ಲಿ, ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದರು.

ಮೇಲಿನ ಮಹಡಿಯಲ್ಲಿ ವಾಸವಿದ್ದವನು ಅವರ ಅಣ್ಣನ ಮಗ ಹಿಲ್ಲರ್. ಕುಡುಕ. ಮನೆ ಮಾರೋಣ ಎಂದು ಅತ್ತೆಯ ಜೊತೆ ಬೀದಿಗೆ ಕೇಳುವ ಹಾಗೆ ಜಗಳವಾಡಿದ್ದ. ಮನೆಯಲ್ಲಿ ಇದ್ದವನೂ ಅವನೊಬ್ಬನೇ. ಹಿಡಿದು ಒಳಗೆ ಹಾಕಲು ಇಷ್ಟು ಸಾಲದೆ?

"ಆವತ್ತು ಸಂಜೆ ಕೆಳಗೆ ಪಿಯಾನೊ ಕೇಳಿಸ್ತು ಮೇಡಂ," ಎಂದು ಹಿಲ್ಲರ್ ಗೋಗರೆದಿದ್ದ. "ಅತ್ತೆ ಬೆರಳು ಸೆಟೆದು ಎಷ್ಟೋ ವರ್ಷ ಆಯ್ತು. ಯಾರೋ ಬಂದಿದ್ರು. ಚೆನ್ನಾಗಿ ನುಡಿಸೋರು ಯಾರೋ ಬಂದಿದ್ರು."

"ನಿನಗೆ ಕೇಳಿಸಿದ್ದು ಪಿಯಾನೊ ಅಲ್ಲ, ವೋಡ್ಕಾ," ಎಂದು ವೀಯು ಗದರಿದ್ದಳು. ಆ ಮಾತು ಈಗ ಅವಳನ್ನು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಏಕೆಂದರೆ ಚೆನ್ನಾಗಿ ನುಡಿಸುವವರು ಯಾರು ಎಂದು ಪೊಲೀಸರು ಕೇಳದೆ ಇರಲಿಲ್ಲ. ಏವಿಯನ್ನೂ ಕೇಳಿದ್ದರು. ತಾನು ಆ ಸಂಜೆ ತಾಲಿನ್ನಿನಿಂದ ದೂರ, ಕ್ಯಾಸ್ಮುವಿನ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ ಎಂದು ಏವಿ ಹೇಳಿದ್ದಳು. ಪಕ್ಕದ ಮನೆಯ ಮುದುಕಿ ಆಲೀದೆ ಕೂಡ ಹೌದು, ನುಡಿಸುತ್ತಿದ್ದಳು ಎಂದಿದ್ದಳು. ಕೇಳದೆಯೇ ಏವಿ ಒಂದು ಕ್ಯಾಸೆಟ್ಟನ್ನೂ ತಂದು ಕೊಟ್ಟಿದ್ದಳು: ಆ ಸಂಜೆ ಇದೇ ಕೋಣೆಯಲ್ಲಿ ಕೂತು ರೆಕಾರ್ಡು ಮಾಡಿದ್ದು, ಮುದುಕಿಗೆ ಕೇಳಿಸಿದ್ದು ಇದೇ ಎಂದು.

ಕ್ಯಾಸೆಟ್ಟು ಹಾಕಿ ಕೇಳಿದ ಮೇಲೆ ಮುಖ್ಯಾಧಿಕಾರಿ ವಂಬೊಲಾ ವೀಯುವಿನ ಮುಖ ನೋಡಿದ್ದರು. "ನೀನೇ ಹೇಳಬೇಕಮ್ಮ. ನಮಗೆಲ್ಲ ಪಿಯಾನೊ ಅಂದ್ರೆ ಪಿಯಾನೊ. ಇದು ಅವರದೇ ಕೈಯಾ?"

"ಕಣ್ಣು ಮುಚ್ಕೊಂಡು ಹೇಳ್ತೀನಿ ಸಾರ್. ಅವಳದೇ. ಅದೂ ಈಚಿನದು. ಬೇಸಿಗೆಯಲ್ಲಿ ಈ ಭಾಗ ಹೀಗೆ ನುಡಿಸ್ತಿರ್ಲಿಲ್ಲ."

ಹೇಳುವಾಗ ಎಷ್ಟು ಹೆಮ್ಮೆಯಾಗಿತ್ತು ಅವಳಿಗೆ! ಬೆರಳುಗಳು ಕೈಕೊಟ್ಟರೂ ಕಿವಿ ಕೈಕೊಟ್ಟಿಲ್ಲ, ಲೇಯ್ದಾ ಟೀಚರಿನ ಪಾಠ ಕೊನೆಗೂ ಒಂದು ಕೆಲಸಕ್ಕೆ ಬಂತು ಎಂದು ಬೀಗಿದ್ದಳು. ಆ ಒಂದು ಮಾತಿನ ಮೇಲೆ ಏವಿಯ ಹೆಸರು ಕೈಬಿಟ್ಟುಹೋಯಿತು, ಹಿಲ್ಲರ್ ಒಳಗೇ ಉಳಿದ. ಕುಡಿತವಿಲ್ಲದೆ ಈಗ ಅವನ ಕೈಕಾಲು ನಡುಗುತ್ತವಂತೆ, ಗೋಡೆಯ ಜೊತೆ ಮಾತಾಡುತ್ತಾನಂತೆ. ನಾಳೆ ಬೆಳಗ್ಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ನಾಳೆ ಸಂಜೆ ಏವಿ ಟೋಕಿಯೋಗೆ ವಿಮಾನ ಹತ್ತುತ್ತಾಳೆ.

ಇವತ್ತು ಬೆಳಗ್ಗೆ ಸ್ಟೇಷನ್ನಿನಲ್ಲಿ ವೀಯು ಆ ಕ್ಯಾಸೆಟ್ಟನ್ನು ಇನ್ನೊಮ್ಮೆ ಹಾಕಿದ್ದಳು. ತನಿಖೆಗಲ್ಲ. ಬರೀ ಆಸೆಗೆ.

* * *

ಏವಿ ಅಡುಗೆಮನೆಯಿಂದ ಕಾಫಿ ತಂದಳು. ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡಿನ ತುಂಡುಗಳನ್ನು ತಟ್ಟೆಯಲ್ಲಿಟ್ಟಳು. ಹೊರಗೆ ಇನ್ನೂ ಮಧ್ಯಾಹ್ನ ಕಳೆದಿರಲಿಲ್ಲ, ಆಗಲೇ ಬೆಳಕು ಸಾಯುತ್ತಿತ್ತು. ನವೆಂಬರ್ ಅಲ್ಲವೆ. ಸತ್ತವರು ಮನೆ ನೋಡಿಕೊಂಡು ಹೋಗಲು ಬರುವ ತಿಂಗಳು ಎಂದು ಇಲ್ಲಿನವರ ನಂಬಿಕೆ. ಬರುವ ದಾರಿಯುದ್ದಕ್ಕೂ ಕಿಟಕಿ ಕಿಟಕಿಯಲ್ಲಿ ಮೇಣದ ಬತ್ತಿಗಳು ಉರಿಯುತ್ತಿದ್ದವು. ಏವಿಯ ಕಿಟಕಿಯಲ್ಲೂ ಒಂದು ಇತ್ತು.

"ಟೀಚರಿಗೆ," ಎಂದಳು ಏವಿ, ವೀಯುವಿನ ನೋಟ ಹಿಂಬಾಲಿಸಿ. ಆಮೇಲೆ ಹತ್ತಿರ ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. "ವೀಯು, ನೀನು ನನಗೋಸ್ಕರ ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಹೇಳೋಕೆ ಬಾಯಿ ಬರ್ತಿರ್ಲಿಲ್ಲ. ಇವತ್ತು ಹೇಳ್ತಿದೀನಿ."

"ನಾನೇನು ಮಾಡಿದೆ?"

"ಬಿಡು ಬಿಡು. ಕಾಫಿ ಆರತ್ತೆ."

ವೀಯುವಿಗೆ ಆ ಕೈ ಹೆಗಲ ಮೇಲೆ ಭಾರವೆನಿಸಿತು. ಐದು ವರ್ಷದ ಹಿಂದೆ ಪರರ ಆಳ್ವಿಕೆ ಮುಗಿದು ಗಡಿಗಳು ತೆರೆದಾಗ ಈ ಪುಟ್ಟ ದೇಶಕ್ಕೆ ಜಗತ್ತಿನ ಮುಂದೆ ಎತ್ತಿ ತೋರಿಸಲು ಇದ್ದದ್ದೇ ಈ ಎರಡು ಕೈ. ಬ್ಯಾಂಕಿನ ಕ್ಯಾಲೆಂಡರಿನಲ್ಲೂ ಅವೇ, ಶಾಲೆಯ ಗೋಡೆಯ ಮೇಲೂ ಅವೇ. ಅವುಗಳ ಮೇಲೆ ಸಂಶಯ ಪಟ್ಟರೆ ಜನ ನಮ್ಮ ಮುಖಕ್ಕೆ ಉಗಿಯುತ್ತಾರೆ ಎಂದು ವಂಬೊಲಾ ನಗೆಯಾಡಿದ್ದರು. ಅದು ಪೂರ್ತಿ ನಗೆಯೂ ಆಗಿರಲಿಲ್ಲ.

ಅವಳು ಚೀಲದಿಂದ ಚಿಕ್ಕ ಟೇಪ್‌ರೆಕಾರ್ಡರನ್ನು ತೆಗೆದು ಪಿಯಾನೊದ ಮೇಲಿಟ್ಟು ಗುಂಡಿ ಒತ್ತಿದಳು.

ಅದೇ ಸಂಗೀತ, ಅದೇ ಕೈ. ಏವಿ ತಲೆ ವಾಲಿಸಿ ಕೇಳಿದಳು, ತನ್ನದೇ ತಪ್ಪು ಹುಡುಕುವವಳ ಹಾಗೆ.

"ಸ್ವರ ಕೇಳ್ಬೇಡ," ಎಂದಳು ವೀಯು. "ಅದರ ಕೆಳಗೆ ಕೇಳು."

ಟಕ್.

ಸ್ವಲ್ಪ ಬಿಟ್ಟು ಮತ್ತೆ, ಟಕ್. ಪೆಡಲು ಒತ್ತಿದಾಗಲೆಲ್ಲ, ಹಿತ್ತಾಳೆಯ ಮೇಲೆ ಶೂವಿನ ಗಟ್ಟಿ ಅಟ್ಟೆ ತಾಗುವ ಸಣ್ಣ ಸದ್ದು. ಒಮ್ಮೆ ಹಿಮ್ಮಡಿ ನೆಲದ ಮೇಲೆ ಸರಿದದ್ದೂ ಕೇಳಿಸಿತು. ಮೊದಲ ಸಲ ಕಿವಿಗೆ ಬಿದ್ದೇ ಇರಲಿಲ್ಲ. ಈಗ ಅದನ್ನು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

ಏವಿ ವಾಲಿಸಿದ್ದ ತಲೆಯನ್ನು ನೆಟ್ಟಗಾಗಿಸಿದಳು.

"ಓ, ಅದಾ," ಎಂದಳು. "ಹೊಸ ಶೂ ತಗೊಂಡಿದ್ದೆ, ಸ್ಟೇಜಿಗೆ ಹಾಕ್ಕೊಳ್ಳೋಕೆ. ಕಾಲಿಗೆ ಪಳಗಲಿ ಅಂತ ಆವತ್ತೊಂದಿನ ಮನೇಲೇ..."

"ಏವಿ."

"ನಿಜ ಕಣೇ! ಎಲ್ಲ ಪಿಯಾನೊದವ್ರೂ ಮಾಡ್ತಾರೆ. ಹೊಸ ಶೂನಲ್ಲಿ ಸ್ಟೇಜಿಗೆ ಹೋದ್ರೆ ಪೆಡಲು ಜಾರತ್ತೆ."

"ಈಗ ತಾನೆ ಏನಂದೆ? ಮ್ಯಾನೇಜರನ್ನ ಬಾಗಿಲಲ್ಲಿ ನಿಲ್ಸಿ ಬಿಚ್ಚಿಸ್ದೆ ಅಂದೆ. ನಿಮ್ಮಮ್ಮನ ಹೆಣ ಎತ್ತೋಕೆ ಬಂದವರಿಗೂ ಹಳೇ ಕಂಬಳಿ ಹಾಸಿದವಳು ನೀನು. ಈ ನೆಲದ ಮೇಲೆ ನೀನು ಶೂ ಹಾಕಿದ್ದೆ ಅಂತ ನನ್ನ ಮುಂದೆ ಹೇಳ್ತೀಯಾ?"

ಟೇಪು ತನ್ನ ಪಾಡಿಗೆ ಓಡುತ್ತಿತ್ತು. ಅದನ್ನು ನಿಲ್ಲಿಸಲು ಏವಿ ಸರಕ್ಕನೆ ಬಾಗಿದಳು. ಮೊಣಕೈ ತಗುಲಿ, ಪಿಯಾನೊದ ಅಂಚಿನಲ್ಲಿಟ್ಟಿದ್ದ ಕಾಫಿಯ ಬಟ್ಟಲು ಮಗುಚಿತು.

ಬೇರೆ ಯಾರಾದರೂ ಆಗಿದ್ದರೆ ಹಿಡಿಯಲು ಕೈ ಚಾಚುತ್ತಿದ್ದರು. ಬಟ್ಟಲು ಬೀಳುತ್ತಿದೆ ಎಂದು ಕಂಡ ಕ್ಷಣ ಈ ಇಬ್ಬರು ಹೆಂಗಸರ ನಾಲ್ಕೂ ಕೈಗಳು ಒಟ್ಟಿಗೆ ಹಿಂದಕ್ಕೆ ಹೋದವು. ಕಂಕುಳೊಳಗೆ ಸೇರಿಕೊಂಡವು. ಬಟ್ಟಲು ನೆಲಕ್ಕೆ ಬಿದ್ದು ಚೂರಾಯಿತು.

ಇಬ್ಬರೂ ಹಾಗೇ, ಕಂಕುಳಲ್ಲಿ ಕೈಯಿಟ್ಟುಕೊಂಡು, ಒಬ್ಬರನ್ನೊಬ್ಬರು ನೋಡಿದರು. ನಗು ಬಂದುಬಿಟ್ಟಿತು. ಇಷ್ಟು ವರ್ಷವಾದರೂ!

ಚಳಿಗಾಲ ಬಂತೆಂದರೆ ಲೇಯ್ದಾ ಟೀಚರ ಪಾಠ ಶುರುವಾಗುತ್ತಿದ್ದುದು ಪಿಯಾನೊದ ಮೇಲಲ್ಲ, ನೆಲದ ಮೇಲೆ. ಬೀದಿಯಲ್ಲಿ ಮಂಜುಗಡ್ಡೆ ಕಟ್ಟುವ ಮೊದಲೇ ಕಂಬಳಿ ಹಾಸಿ ಮಕ್ಕಳಿಗೆ ಬೀಳುವುದನ್ನು ಕಲಿಸುತ್ತಿದ್ದರು. 'ಮೂತಿ ಒಡೆದ್ರೆ ಡಾಕ್ಟರು ಹೊಲೀತಾರೆ, ಹಲ್ಲು ಮುರಿದ್ರೆ ಕಟ್ಟಿಸ್ಕೊಬಹುದು. ಕೈ ಮಾತ್ರ ಚಾಚಬೇಡಿ. ಏನೇ ಬೀಳಲಿ, ಯಾರೇ ಬೀಳಲಿ, ಕೈ ಒಳಗೆ!' ಹಿಂದಿನಿಂದ ಬಂದು ದೂಡುತ್ತಿದ್ದರು ಬೇರೆ. ಕೈ ಚಾಚಿದ ಮಗುವಿಗೆ ಆ ದಿನ ಪಾಠವಿಲ್ಲ. ಪಿಯಾನೊ ಬಿಟ್ಟು ಎಷ್ಟೋ ವರ್ಷವಾದ ವೀಯುವಿನ ಮೈಯಿಂದಲೂ ಅದು ಹೋಗಿರಲಿಲ್ಲ.

ವೀಯು ಇನ್ನೂ ನಗುತ್ತಿದ್ದಳು. ಏವಿಯ ನಗು ನಿಂತಿತ್ತು. ಅವಳು ತನ್ನ ಕೈಗಳನ್ನು ಕಂಕುಳಿಂದ ತೆಗೆದು, ಅವು ಇನ್ಯಾರದೋ ಎಂಬಂತೆ ನೋಡುತ್ತಿದ್ದಳು.

ಆಗ ವೀಯುವಿಗೆ ಗೊತ್ತಾಯಿತು. ಯಾರೂ ಹೇಳದೆಯೇ ಗೊತ್ತಾಯಿತು.

"ಟೀಚರು ಬೀಳೋವಾಗ ನೀನು ಅಲ್ಲಿದ್ದೆ," ಎಂದಳು.

ಏವಿ ಹೌದೆಂದು ತಲೆಯಾಡಿಸಿದಳು.

* * *

"ಪ್ರವಾಸಕ್ಕೆ ಹೊರಡೋ ಮುಂಚೆ ಪ್ರತಿ ಸಲ ಹೋಗ್ತೀನಲ್ಲ. ಆಶೀರ್ವಾದ ಇದ್ದ ಹಾಗೆ ಅದು. ಈ ಭಾಗ ನುಡಿಸಿ ತೋರಿಸಿದೆ. 'ಇನ್ನೂ ಅವಸರ ನಿಂಗೆ, ಯಾರು ಅಟ್ಟಿಸ್ಕೊಂಡು ಬರ್ತಿದಾರೆ?' ಅಂತ ಬೈದ್ರು. ನಾನು ಆಯ್ತು ಟೀಚರ್ ಅಂದೆ. ಖುಷಿಯಾಗೇ ಇದ್ವಿ ವೀಯು, ದೇವರಾಣೆ."

ಏವಿಯ ದನಿ ನೆಲ ಮುಟ್ಟಿತ್ತು. ವೀಯು ಟೇಪು ನಿಲ್ಲಿಸಿದಳು.

"ಆಮೇಲೆ ಕುಂಬಳಕಾಯಿ ಉಪ್ಪಿನಕಾಯಿ ತಗೊಂಡು ಹೋಗು ಅಂದ್ರು. ಜಪಾನ್‌ನಲ್ಲಿ ಅದೆಲ್ಲ ಎಲ್ಲಿ ಸಿಗತ್ತೆ ಅಂತ. ನೆಲಮಾಳಿಗೆಯಲ್ಲಿದೆ, ನಾನೇ ತರ್ತೀನಿ ಟೀಚರ್ ಅಂದೆ. 'ಗಾಜಿನ ಜಾಡಿ, ಆ ಕೈಯಲ್ಲಿ ಮುಟ್ಟಿದ್ರೆ ನೋಡು' ಅಂತ ಗದರಿ ತಾವೇ ಇಳಿದ್ರು. ನಾನು ಹಿಂದೆ, ಒಂದು ಮೆಟ್ಟಿಲು ಮೇಲೆ. ಅಷ್ಟೇ ದೂರ. ಈ ಪಿಯಾನೊ ಅಷ್ಟೂ ಇಲ್ಲ."

"ಜಾರಿದ್ರಾ?"

"ಜಾರಿದ್ರು. ತಿರುಗಿ ನನ್ನ ಕಡೆ ಕೈ ಚಾಚಿದ್ರು. ನಮಗೆ ಅಷ್ಟು ಹೊಡೆದು ಬಡಿದು ಹೇಳಿಕೊಟ್ಟವರು, ತಾವೇ ಮರೆತು ಕೈ ಚಾಚಿದ್ರು ಕಣೇ." ಏವಿ ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿ ತೋರಿಸಿದಳು. "ನಾನು ಹೀಗೆ ನಿಂತಿದ್ದೆ. ಯೋಚನೆ ಮಾಡಿ ಮಾಡಿದ್ದಲ್ಲ. ಯೋಚನೆ ಮಾಡಿದ್ರೆ ಹಿಡೀತಿದ್ದೆ. ಕೈ ತಾನಾಗೇ ಬಂತು ಇಲ್ಲಿಗೆ. ಅವರು ಅದನ್ನ ನೋಡಿದ್ರು ವೀಯು. ಬೀಳ್ತಾ ಬೀಳ್ತಾ ನನ್ನ ಕೈ ನೋಡಿದ್ರು."

ವೀಯುವಿನ ಕಣ್ಣು ಒಡೆದ ಬಟ್ಟಲಿನ ಕಡೆ ಹೋಯಿತು. ಆ ಮೆಟ್ಟಿಲ ಮೇಲೆ ತಾನಿದ್ದಿದ್ದರೂ ಇದೇ ಆಗುತ್ತಿತ್ತು. ಅದಕ್ಕೆ ಸಾಕ್ಷಿ ನೆಲದ ಮೇಲೆ ಚೂರಾಗಿ ಬಿದ್ದಿತ್ತಲ್ಲ.

"ಅದು ಅಪರಾಧ ಅಲ್ಲ ಏವಿ," ಎಂದಳು ಕೊನೆಗೆ. "ಆದ್ರೆ ಆಮೇಲೆ ಮಾಡಿದ್ದು? ಈ ಕ್ಯಾಸೆಟ್ಟು?"

"ರೀಗಾದ ಹಾಲ್‌ನಲ್ಲಿ ಹೋದ ತಿಂಗಳು ರಿಹರ್ಸಲ್ ಟೈಮಲ್ಲಿ, ಶೂ ಹಾಕ್ಕೊಂಡೇ ಮಾಡಿದ್ದು. ಆಲೀದೆ ಅಜ್ಜಿಗೆ ಎಲ್ಲ ಸಂಜೇನೂ ಒಂದೇ. ನಾನಿದ್ದೆ ಅಂದ್ರೆ ಇದ್ದೆ ಅಂತಾರೆ."

"ಹಿಲ್ಲರ್‌ನ ಒಳಗೆ ಹಾಕಿದ್ದು ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ ನೀನು."

"ನೀನೇ ಅಲ್ವಾ ಹಾಕಿದ್ದು?" ಏವಿ ಚುರುಕಾಗಿ ತಲೆಯೆತ್ತಿದಳು. "ಇವಳಿಗೇನೋ ಲೆಕ್ಕಾಚಾರ ಇರತ್ತೆ, ನಾಲ್ಕು ದಿನ ಇಟ್ಕೊಂಡು ಸಾಕ್ಷಿ ಇಲ್ಲ ಅಂತ ಬಿಟ್ಟುಬಿಡ್ತಾಳೆ ಅಂದ್ಕೊಂಡಿದ್ದೆ. ನಿದ್ದೆ ಮಾಡಿಲ್ಲ ನಾನು. ಕಣ್ಣು ಮುಚ್ಚಿದ್ರೆ ಆ ಕೈ ಬರತ್ತೆ. ಆದ್ರೂ ಒಂದು ಸಮಾಧಾನ ಇತ್ತು. ಟೀಚರಿಗೆ ನೋವಾಗ್ಲಿಲ್ಲ, ಬಿದ್ದ ತಕ್ಷಣ ಹೋಗ್ಬಿಟ್ರು ಅಂತ."

ಈ ಮಾತನ್ನು ಹೇಳಬಾರದಿತ್ತು ಎಂದು ವೀಯು ಆಮೇಲೆ ಎಷ್ಟೋ ಸಲ ಅಂದುಕೊಳ್ಳುತ್ತಾಳೆ. ಆದರೆ ಹೇಳದೆ ಬಿಡುವ ಹಾಗೂ ಇರಲಿಲ್ಲ.

"ತಕ್ಷಣ ಹೋಗ್ಲಿಲ್ಲ. ಹೆಣ ಕೊಯ್ದ ಡಾಕ್ಟರು ಬರೆದಿದಾರೆ. ಬೆಳಗಿನ ಜಾವದವರೆಗೂ ಉಸಿರಿತ್ತು."

ಏವಿ ಕಂಕುಳಲ್ಲಿದ್ದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು.

"ಹಾಗಾದ್ರೆ ಆಂಬುಲೆನ್ಸಿನವರು..."

"ಯಾವ ಆಂಬುಲೆನ್ಸು? ಯಾರೂ ಬರ್ಲಿಲ್ಲ. ಯಾರೂ ಕರೀಲಿಲ್ಲ. ಬೆಳಗ್ಗೆ ಹಿಲ್ಲರ್ ಇಳಿದು ಬಂದು ನೋಡೋವರೆಗೂ ಅಲ್ಲಿ ಯಾರೂ ಇರ್ಲಿಲ್ಲ."

"ಸುಳ್ಳು. ನಾನು ಫೋನ್ ಮಾಡಿದೆ! ಟೀಚರ ಮನೆ ಫೋನಿಂದಾನೇ ಮಾಡಿದೆ. ಕಳಿಸ್ತೀನಿ ಅಂದ. ಆಮೇಲೆ ವಾಪಸ್ ನಾನೇ ಕೇಳ್ದಾಗ, ಹೋಗಿ ನೋಡಿದ್ವಿ, ಆಗ್ಲೇ ಪ್ರಾಣ ಹೋಗಿತ್ತು ಅಂದ."

"ಯಾರು ಅಂದಿದ್ದು?"

"ಇನ್ಯಾರು? ಹೆನ್ನೊ!"

ವೀಯುವಿಗೆ ಗೊತ್ತಿದ್ದ ಹೆನ್ನೊ ಒಬ್ಬನೇ. ಆಂಬುಲೆನ್ಸಿನ ಡಾಕ್ಟರ್ ಹೆನ್ನೊ ಕೂಸಿಕ್. ಅವಳ ಗಂಡ.

"ನಾನು ಫೋನ್ ಮಾಡಿದ್ದು ನಿಂಗೇ ಕಣೇ," ಏವಿ ಅವಳ ತೋಳು ಹಿಡಿದುಕೊಂಡಳು. "ಗಾಬರಿಯಲ್ಲಿ ನೆನಪಾಗಿದ್ದು ನಿಮ್ಮನೆ ನಂಬರ್ ಒಂದೇ. ನೀನು ಮೇಳದಲ್ಲಿ ಹಾಡೋಕೆ ಹೋಗಿದ್ದೆ, ಹೆನ್ನೊ ಎತ್ತಿದ. ಡಾಕ್ಟರಲ್ವಾ, ಇನ್ನೇನು ಬೇಕು ಅಂತ ಎಲ್ಲ ಹೇಳ್ದೆ. 'ನೀನು ಅಲ್ಲಿರ್ಬೇಡ, ಸೀದಾ ಕ್ಯಾಸ್ಮುಗೆ ಹೋಗು, ಯಾರು ಕೇಳಿದ್ರೂ ಸಂಜೆಯಿಂದ ಅಲ್ಲೇ ಇದ್ದೆ ಅನ್ನು. ಮಿಕ್ಕಿದ್ದು ನಾನೂ ವೀಯೂನೂ ನೋಡ್ಕೋತೀವಿ' ಅಂದ."

"ನಾನೂ ವೀಯೂನೂ," ವೀಯು ಮೆಲ್ಲಗೆ ಅಂದಳು.

"ಹೂಂ. ನಿಂಗೆ ಹೇಳ್ತೀನಿ ಅಂದ. ಹೇಳಿದೀನಿ ಅಂತಾನೂ ಅಂದ."

"ನಂಗೆ ಅವನು ಒಂದು ಮಾತೂ ಹೇಳಿಲ್ಲ."

ಏವಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ತುಟಿಯಲ್ಲಿ ಒಂದು ದಣಿದ, ಪ್ರೀತಿಯ ನಗು ಮೂಡಿತು. ವೀಯು ಹೆದರಿದ್ದು ಆ ನಗೆ ನೋಡಿ.

"ಇಲ್ಲಿ ಯಾರೂ ಇಲ್ಲ ಬಿಡೇ. ನನ್ನ ಮುಂದೆ ಯಾಕೆ ನಾಟಕ? ನಾನು ಒಂದು ಬೆರಳು ಬದಲಾಯಿಸಿದ್ರೆ ಗೋಡೆಯಾಚೆಯಿಂದ ಹೇಳ್ತಿದ್ದವಳು ನೀನು. ಕ್ಯಾಸೆಟ್ಟಿನಲ್ಲಿ ಶೂ ಸದ್ದು ನಿಂಗೆ ಕೇಳಿಸ್ಲಿಲ್ಲ ಅಂತ ನಾನು ನಂಬ್ಬೇಕಾ? ಕೇಳಿಸಿತ್ತು. ಕೇಳಿಸಿಯೂ ಇಲ್ಲ ಅಂದೆ. ನನಗೋಸ್ಕರ."

"ಕೇಳಿಸ್ಲಿಲ್ಲ ಏವಿ. ನಿಜವಾಗ್ಲೂ ಕೇಳಿಸ್ಲಿಲ್ಲ."

"ಆಯ್ತು," ಎಂದಳು ಏವಿ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. "ಕೇಳಿಸ್ಲಿಲ್ಲ ಅಂತಾನೇ ಇಟ್ಕೊಳ್ಳೋಣ."

ಗೆಳತಿಯೇ ನಂಬದ ಮಾತನ್ನು ಇನ್ಯಾರು ನಂಬುತ್ತಾರೆ? ವೀಯು ಎದ್ದು ನಿಂತಳು. ಹೆನ್ನೊ. ಆ ಸಂಜೆ 'ಊಟ ಮಾಡಿದೆಯಾ' ಎಂದು ಕೇಳಿದವನು. ಅವಳು ಟೀಚರಿಗಾಗಿ ಅತ್ತಾಗ ತಲೆ ಸವರಿದವನು. ಅಳುತ್ತಿದ್ದ ಆ ಮೊದಲ ದಿನ, ಟೀಚರು ಹೇಗೆ ಸತ್ತರು ಎಂದು ಅವನು ಒಂದು ಸಲವೂ ಕೇಳಿರಲಿಲ್ಲ. ಗಂಡನ ಮೌನವನ್ನು ಅವಳು ಮರುಕವೆಂದುಕೊಂಡಿದ್ದಳು.

ಯಾಕೆ? ಒಬ್ಬ ಮುದುಕಿಯನ್ನು ಸಾಯಲು ಬಿಟ್ಟು ಅವನಿಗೆ ಆಗಬೇಕಾದದ್ದೇನು? ಏವಿಯ ಹೆಸರನ್ನು ಉಳಿಸಲೋ, ಏವಿಯನ್ನೇ ತನ್ನ ಋಣದಲ್ಲಿಟ್ಟುಕೊಳ್ಳಲೋ? ಅದಕ್ಕೆ ಉತ್ತರ ಹುಡುಕುವ ಹೊತ್ತು ಇದಲ್ಲ. ಮೊದಲು ಗೋಡೆಯ ಜೊತೆ ಮಾತಾಡುತ್ತಿರುವ ಆ ಬಡಪಾಯಿ ಹೊರಗೆ ಬರಬೇಕು. ಅವನಿಗೆ ತಾನು ಮಾಡಿದ್ದನ್ನು ತಾನೇ ಸರಿಮಾಡಬೇಕು, ಮನೆ ಮುರಿದರೂ ಸರಿ.

"ಫೋನ್ ಎಲ್ಲಿದೆ?"

ಏವಿ ಗೋಡೆಯ ಕಡೆ ಬೊಟ್ಟು ಮಾಡಿದಳು. ಅವಳ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಹಗುರವಾದ ಕಳೆ ಇತ್ತು. "ಮಾಡು," ಎಂದಳು. "ಟೋಕಿಯೋ ಹೋದ್ರೆ ಹೋಗ್ಲಿ. ಈ ಕೈಯಲ್ಲಿ ಇನ್ನು ನುಡಿಸಿದ್ರೂ ನಂಗೆ ಕೇಳೋಕಾಗಲ್ಲ."

ವಂಬೊಲಾ ತಾವೇ ಎತ್ತಿದರು.

"ಸಾರ್, ನಾನು ವೀಯು. ಹಿಲ್ಲರ್‌ದೇನೂ ತಪ್ಪಿಲ್ಲ. ಅವನು ಹೇಳಿದ್ದು ನಿಜ, ಕೆಳಗೆ ಪಿಯಾನೊ ಕೇಳಿಸಿತ್ತು. ಕ್ಯಾಸೆಟ್ಟು ಆವತ್ತಿನದಲ್ಲ. ತಪ್ಪು ನನ್ನದು, ನನ್ನ ಮಾತು ನಂಬಿ ನೀವು ಅವನನ್ನ ಇಟ್ಕೊಂಡ್ರಿ. ದಯವಿಟ್ಟು ಅವನಿಗೆ ಮೊದಲು ಡಾಕ್ಟರನ್ನ ತೋರಿಸಿ." ಒಂದೇ ಉಸಿರಿಗೆ ಹೇಳಿದಳು. "ಇನ್ನೊಂದು. ನಮ್ಮನೆಗೆ ಒಂದು ಗಾಡಿ ಕಳ್ಸಿ. ನನ್ನ ಗಂಡನ್ನ ಕರ್ಕೊಂಡು ಬರ್ಬೇಕು."

ಆಚೆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಗಾಡಿ ಬೇಕಾಗಿಲ್ಲಮ್ಮ," ಎಂದರು ವಂಬೊಲಾ. ದನಿ ಬೇರೆಯೇ ಆಗಿತ್ತು, ಹೊರಗಿನವರ ಜೊತೆ ಆಡುವ ದನಿ. "ಹೆನ್ನೊ ಇಲ್ಲೇ ಕೂತಿದಾನೆ. ನೀನು ಕ್ಯಾಸೆಟ್ಟು ತಗೊಂಡು ಹೊರಟೆ ಅಂತ ಕೇಳಿ ತಾನಾಗೇ ಬಂದ. ಪೂರ್ತಿ ಹೇಳಿಕೆ ಕೊಟ್ಟಿದಾನೆ."

"ಏನಂತ?"

"ಆವತ್ತು ಏವಿ ತಾಮ್ಮೆ ಫೋನ್ ಮಾಡಿದ್ರು, ಆಂಬುಲೆನ್ಸ್ ಕಳಿಸೋಕೆ ಹೊರಟಿದ್ದೆ, ಅಷ್ಟರಲ್ಲಿ ಹೆಂಡತಿ ಮನೆಗೆ ಬಂದ್ಲು ಅಂತ. ನೀನು ಬೇಡ ಅಂದ್ಯಂತೆ. ಏವಿಯ ಹೆಸರು ಹಾಳಾಗತ್ತೆ, ಬೆಳಗ್ಗೆವರೆಗೂ ಸುಮ್ನಿರು, ಆಮೇಲೆ ಕೇಸು ನನ್ನ ಕೈಗೇ ಬರತ್ತೆ, ನಾನು ನೋಡ್ಕೋತೀನಿ ಅಂದ್ಯಂತೆ."

ವೀಯು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನು ನಂಬಿಲ್ಲ ವೀಯು," ವಂಬೊಲಾ ದನಿ ತಗ್ಗಿಸಿದರು. "ಇಪ್ಪತ್ತು ವರ್ಷ ನಿನ್ನ ನೋಡಿದೀನಿ. ಆದ್ರೆ ಆ ಕ್ಯಾಸೆಟ್ಟಿಗೆ ಸೈ ಅಂದಿದ್ದು ನೀನೇ. ಅದಕ್ಕೇ ಕೇಳ್ತಿದೀನಿ, ಯೋಚನೆ ಮಾಡಿ ಹೇಳು. ಈಗ ಎಲ್ಲಿಂದ ಮಾತಾಡ್ತಿದೀಯಾ?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕಕ್ಕೆ ಬಂದು ಕಿವಿಗೊಟ್ಟು ನಿಂತಿದ್ದ ಏವಿ, ಜನ್ಮದಲ್ಲಿ ಒಮ್ಮೆಯಾದರೂ ಬೀಳುವವರನ್ನು ಹಿಡಿಯಬೇಕೆಂದು ಹೊರಟವಳ ಹಾಗೆ, ಎರಡೂ ಕೈ ಚಾಚಿ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನ್ನ ಮನೇಲಿದಾಳೆ ಸಾರ್," ಎಂದಳು ಅಳುತ್ತ. "ಅವಳಿಗೆ ಏನೂ ಮಾಡ್ಬೇಡಿ. ಅವಳು ಮಾಡಿದ್ದೆಲ್ಲ ನನ್ನ ಉಳಿಸೋಕೆ."